ಆಂಟನ್ ಡಿ ಬಾರಿ

ಮಳೆಗಾಲ ಬಂತೆಂದರೆ ಉಳಿದ ರೊಟ್ಟಿಯ ಮೇಲೆ ಬೂಷ್ಟು ಹಿಡಿಯುತ್ತದೆ. ಮೂಲೆಯಲ್ಲಿಟ್ಟ ಚರ್ಮದ ಚೀಲದ ಮೇಲೆ ಹಸಿರು ಪುಡಿ ಕಾಣಿಸಿಕೊಳ್ಳುತ್ತದೆ. ಕೊಳೆತ ದಿಮ್ಮಿಯ ಮೇಲೆ ಅಣಬೆಗಳು ಕೊಡೆ ಬಿಚ್ಚುತ್ತವೆ. ಇವೆಲ್ಲವೂ ಶಿಲೀಂಧ್ರಗಳೆಂಬ ಜೀವಿಗಳ ವರ್ಗಕ್ಕೆ ಸೇರಿದವು. ಇವು ಎಲ್ಲಿಂದ ಬರುತ್ತವೆ? ಕೊಳೆತದ್ದರಿಂದ ಇವು ಹುಟ್ಟುತ್ತವೆಯೋ ಅಥವಾ ಇವು ಬಂದುದರಿಂದ ಪದಾರ್ಥ ಕೊಳೆಯುತ್ತದೆಯೋ? ಇಂದು ಶಾಲೆಯ ಮಕ್ಕಳೂ ಈ ಪ್ರಶ್ನೆಗೆ ಉತ್ತರ ಹೇಳಬಲ್ಲರು. ಆದರೆ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೆ ಯೂರೋಪಿನ ದೊಡ್ಡ ದೊಡ್ಡ ವಿದ್ವಾಂಸರಲ್ಲಿಯೂ ಈ ವಿಷಯದಲ್ಲಿ ಒಮ್ಮತವಿರಲಿಲ್ಲ. ರೋಗಪೀಡಿತ ಸಸ್ಯದ ರಸವೇ ಕೆಟ್ಟು ಶಿಲೀಂಧ್ರವಾಗಿ ಮಾರ್ಪಡುತ್ತದೆ ಎಂದು ಅನೇಕರು ನಂಬಿದ್ದರು. ಆ ನಂಬಿಕೆಯನ್ನು ಪ್ರಯೋಗದ ಬಲದಿಂದ ಅಳಿಸಿ, ಶಿಲೀಂಧ್ರಗಳಿಗೂ ಹುಟ್ಟು, ಬೆಳವಣಿಗೆ, ಸಂತಾನಗಳಿಂದ ಕೂಡಿದ ಸ್ವಂತ ಬಾಳುಂಟೆಂದು ತೋರಿಸಿಕೊಟ್ಟವರಲ್ಲಿ ಅಗ್ರಗಣ್ಯನು ಜರ್ಮನಿಯ ಆಂಟನ್ ಡಿ ಬಾರಿ.

ಡಿ ಬಾರಿ 1831ನೆಯ ಇಸವಿಯ ಜನವರಿ 26ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಜನಿಸಿದನು. ಅವನ ತಂದೆ ಆಗಸ್ಟ್ ಥಿಯೊಡೋರ್ ಡಿ ಬಾರಿ ವೈದ್ಯನಾಗಿದ್ದನು. ಮನೆತುಂಬ ಮಕ್ಕಳಿದ್ದ ದೊಡ್ಡ ಸಂಸಾರ ಅದು. ನಿಸರ್ಗಪ್ರಿಯರಾದ ನಗರದ ಕೆಲವರು ಆಗಾಗ್ಗೆ ಹೊರವಲಯದ ಕಾಡುಮೇಡುಗಳಿಗೆ ಹೋಗಿ ಗಿಡಮೂಲಿಕೆಗಳನ್ನು ಸಂಗ್ರಹಿಸುತ್ತಿದ್ದರು. ತಂದೆಯ ಪ್ರೋತ್ಸಾಹದಿಂದ ಬಾಲಕ ಆಂಟನ್ ಅವರ ಜೊತೆಗೂಡುತ್ತಿದ್ದನು. ಅದೇ ನಗರದಲ್ಲಿ ಫ್ರೆಸೇನಿಯಸ್ ಎಂಬ ವೈದ್ಯನಿದ್ದನು. ಅವನು ಸಸ್ಯಶಾಸ್ತ್ರವನ್ನು ಬಲ್ಲವನು. ಪಾಚಿ, ಶಿಲೀಂಧ್ರಗಳಂತಹ ಕ್ಷುದ್ರವೆನಿಸಿದ ಜೀವಿಗಳಲ್ಲಿ ಅವನಿಗೆ ವಿಶೇಷ ಆಸಕ್ತಿ. ಹೂವು ಹಣ್ಣುಗಳಿಲ್ಲದ, ಬರಿಗಣ್ಣಿಗೆ ಸರಿಯಾಗಿ ಕಾಣಿಸದ ಈ ಜೀವಿಗಳ ಲೋಕವನ್ನು ಆಂಟನ್ನನಿಗೆ ಪರಿಚಯಿಸಿದವನು ಅವನೇ. ಬಾಲ್ಯದಲ್ಲಿ ಬಿದ್ದ ಈ ಬೀಜವೇ ಮುಂದೆ ಹೆಮ್ಮರವಾಯಿತು.

1848ರಲ್ಲಿ ಶಾಲೆಯ ಶಿಕ್ಷಣವನ್ನು ಮುಗಿಸಿದ ಡಿ ಬಾರಿ ತಂದೆಯಂತೆ ತಾನೂ ವೈದ್ಯನಾಗಲೆಂದು ಹೈಡೆಲ್‌ಬರ್ಗ್, ಮಾರ್‌ಬುರ್ಗ್, ಬರ್ಲಿನ್ ವಿಶ್ವವಿದ್ಯಾನಿಲಯಗಳಲ್ಲಿ ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿದನು. 1853ರಲ್ಲಿ ಅವನಿಗೆ ವೈದ್ಯ ಪದವಿ ದೊರೆಯಿತು. ಆದರೆ ಅದೇ ವರ್ಷ ಅವನು ಪ್ರಕಟಿಸಿದ ಗ್ರಂಥವು ಮನುಷ್ಯರ ರೋಗಗಳಿಗೆ ಸಂಬಂಧಿಸಿದ್ದಲ್ಲ. ಪೈರುಗಳನ್ನು ಹಾಳುಮಾಡುವ ಕಾಡಿಗೆ ರೋಗ ಮತ್ತು ತುಕ್ಕು ರೋಗಗಳ ಶಿಲೀಂಧ್ರಗಳನ್ನು ಅದು ಕುರಿತಿತ್ತು. ಶಿಲೀಂಧ್ರವು ರೋಗದ ಫಲವಲ್ಲ, ರೋಗಕ್ಕೆ ಕಾರಣ ಎಂಬುದೇ ಆ ಗ್ರಂಥದ ಸಾರ. ಆಗ ಅವನಿಗೆ ಕೇವಲ ಇಪ್ಪತ್ತೆರಡು ವರ್ಷ. ಸ್ವಲ್ಪ ಕಾಲ ಫ್ರಾಂಕ್‌ಫರ್ಟಿನಲ್ಲಿ ವೈದ್ಯವೃತ್ತಿಯನ್ನು ನಡೆಸಿದನಾದರೂ ಅವನ ಮನಸ್ಸು ಅದರಲ್ಲಿ ನಿಲ್ಲಲಿಲ್ಲ. ಅವನು ಆ ವೃತ್ತಿಯನ್ನು ತೊರೆದು ಟ್ಯೂಬಿಂಗನ್ ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರದ ಬೋಧಕನಾದನು. 1855ರಲ್ಲಿ ಫ್ರೈಬುರ್ಗಿಗೆ ಹೋಗಿ ಅಲ್ಲಿ ಸಸ್ಯಶಾಸ್ತ್ರದ ಪ್ರಯೋಗಾಲಯವನ್ನು ಕಟ್ಟಿ ಬೆಳೆಸಿದನು.

ಆ ಕಾಲದಲ್ಲಿ ಯೂರೋಪಿನ ರೈತರನ್ನು ಕಂಗೆಡಿಸಿದ್ದ ಪಿಡುಗೆಂದರೆ ಆಲೂಗಡ್ಡೆಯ ಅಂಗಮಾರಿ ರೋಗ. 1845ರಲ್ಲಿ ಈ ರೋಗವು ಐರ್ಲೆಂಡಿಗೆ ಕಾಲಿಟ್ಟಿತು. ಅಲ್ಲಿಯ ಬಡವರಿಗೆ ಆಲೂಗಡ್ಡೆಯೇ ಅನ್ನ. ಹಸಿರಾಗಿ ನಳನಳಿಸುತ್ತಿದ್ದ ಹೊಲಗಳು ಕೆಲವೇ ದಿನಗಳಲ್ಲಿ ಕಪ್ಪಾಗಿ ಕೊಳೆತು ನಾರತೊಡಗಿದವು. ನೆಲದೊಳಗಿನ ಗೆಡ್ಡೆಗಳೂ ಉಳಿಯಲಿಲ್ಲ. ಮುಂದಿನ ವರ್ಷಗಳ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನರು ಹಸಿವಿಗೂ ಅದರ ಬೆನ್ನಲ್ಲಿ ಬಂದ ರೋಗಗಳಿಗೂ ತುತ್ತಾದರು. ಅಷ್ಟೇ ಸಂಖ್ಯೆಯ ಜನರು ಹುಟ್ಟಿದ ನೆಲವನ್ನು ಬಿಟ್ಟು ಹಡಗು ಹತ್ತಿದರು. ಈ ವಿಪತ್ತಿಗೆ ಕಾರಣವೇನೆಂದು ಪಂಡಿತರು ವಾದಿಸುತ್ತಲೇ ಇದ್ದರು. ಕೆಲವರು ಅತಿವೃಷ್ಟಿ ಎಂದರು. ಕೆಲವರು ಬೆಳೆಯೇ ಮುಪ್ಪಾಗಿದೆ ಎಂದರು. ಎಲೆಗಳ ಅಡಿಯಲ್ಲಿ ಕಾಣುವ ಬಿಳಿಯ ಬೂಷ್ಟೇ ಕಾರಣವೆಂದು ಇಂಗ್ಲೆಂಡಿನ ಪಾದ್ರಿ ಬರ್ಕ್ಲಿ 1846ರಲ್ಲಿಯೇ ವಾದಿಸಿದ್ದನು. ಆದರೆ ಬೂಷ್ಟು ರೋಗವನ್ನು ತರುವ ಬಗೆಯನ್ನು ಎಲ್ಲರೂ ಒಪ್ಪುವಂತೆ ಕಂಡು ತೋರಿಸಿದವರು ಇರಲಿಲ್ಲ.

ಡಿ ಬಾರಿ ವಾದಕ್ಕೆ ಇಳಿಯದೆ ಪ್ರಯೋಗಕ್ಕೆ ಕೈಹಾಕಿದನು. ಬೂಷ್ಟಿನ ಬೀಜಾಣುಗಳನ್ನು ತೆಗೆದು ಆರೋಗ್ಯವಾದ ಆಲೂಗಡ್ಡೆ ಗಿಡಗಳ ಎಲೆಗಳ ಮೇಲೆ ಬಿತ್ತಿದನು. ಇನ್ನು ಕೆಲವು ಗಿಡಗಳನ್ನು ಬೀಜಾಣುಗಳು ಸೋಂಕದಂತೆ ಕಾಪಾಡಿದನು. ಬಿತ್ತಿದ ಗಿಡಗಳಲ್ಲಿ ರೋಗ ಕಾಣಿಸಿತು. ಕಾಪಾಡಿದ ಗಿಡಗಳು ಆರೋಗ್ಯವಾಗಿಯೇ ಉಳಿದವು. ಸೂಕ್ಷ್ಮದರ್ಶಕದ ಮುಂದೆ ಕುಳಿತು ಅವನು ಮತ್ತೊಂದು ಸಂಗತಿಯನ್ನೂ ಕಂಡನು. ನೀರಿನ ಹನಿಯಲ್ಲಿ ಬೀಜಾಣುವಿನ ಚೀಲವು ಒಡೆದು, ಈಜಬಲ್ಲ ಪುಟ್ಟ ಪುಟ್ಟ ಕಣಗಳು ಹೊರಬರುತ್ತಿದ್ದವು. ಅವು ಎಲೆಯ ಮೇಲೆ ನೆಲೆನಿಂತು, ಸಣ್ಣ ನಳಿಕೆಯನ್ನು ಚಾಚಿ, ಎಲೆಯ ಒಳಹೊಕ್ಕು ಎಳೆಗಳಾಗಿ ಹರಡುತ್ತಿದ್ದವು. ಮಳೆ ಹೆಚ್ಚಾದಾಗ ರೋಗವೂ ಹೆಚ್ಚುವುದೇಕೆಂಬುದು ಇದರಿಂದ ತಿಳಿಯಿತು. ಮಳೆ ರೋಗವನ್ನು ಹುಟ್ಟಿಸುತ್ತಿರಲಿಲ್ಲ. ರೋಗಾಣುವಿಗೆ ದಾರಿ ಮಾಡಿಕೊಡುತ್ತಿತ್ತು. ಈ ಸಂಶೋಧನೆ 1861ರಲ್ಲಿ ಪ್ರಕಟವಾಯಿತು. 1876ರಲ್ಲಿ ಡಿ ಬಾರಿ ಈ ಜೀವಿಗೆ ಫೈಟಾಫ್ತೋರ ಎಂಬ ಹೆಸರನ್ನಿಟ್ಟನು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಸಸ್ಯನಾಶಕ ಎಂದರ್ಥ. ಇಂದಿನ ವಿಜ್ಞಾನಿಗಳು ಇದನ್ನು ನಿಜವಾದ ಶಿಲೀಂಧ್ರಗಳಿಂದ ಬೇರ್ಪಡಿಸಿ, ಪಾಚಿಗಳಿಗೆ ಹತ್ತಿರವಾದ ಇನ್ನೊಂದು ಗುಂಪಿಗೆ ಸೇರಿಸಿದ್ದಾರೆ. ಆದರೆ ಅವನಿಟ್ಟ ಹೆಸರು ಹಾಗೆಯೇ ಉಳಿದಿದೆ.

ಮುಂದೆ ಅವನ ಗಮನ ಗೋಧಿಯ ತುಕ್ಕು ರೋಗದ ಕಡೆಗೆ ಹರಿಯಿತು. ಬಾರ್ಬೆರಿ ಎಂಬ ಮುಳ್ಳುಪೊದೆಯ ಹತ್ತಿರದ ಹೊಲಗಳಲ್ಲಿ ತುಕ್ಕು ಹೆಚ್ಚೆಂದು ರೈತರು ಬಹುಕಾಲದಿಂದ ಹೇಳುತ್ತಿದ್ದರು. ಅಮೆರಿಕದ ಕನೆಕ್ಟಿಕಟ್ ಪ್ರಾಂತದಲ್ಲಿ 1726ರಲ್ಲಿಯೇ ಆ ಪೊದೆಗಳನ್ನು ಕಡಿಯಲು ಕಾನೂನಾಗಿತ್ತು. ಎಷ್ಟೋ ವಿದ್ವಾಂಸರು ಇದನ್ನು ಹಳ್ಳಿಗರ ಮೂಢನಂಬಿಕೆಯೆಂದು ನಕ್ಕರು. ಡಿ ಬಾರಿ ನಗಲಿಲ್ಲ, ಪರೀಕ್ಷಿಸಿ ನೋಡಿದನು. ಪೈರಿನ ಹುಲ್ಲಿನ ಮೇಲೆ ಚಳಿಗಾಲವನ್ನು ಕಳೆದ ತುಕ್ಕಿನಿಂದ ವಸಂತದಲ್ಲಿ ಹುಟ್ಟುವ ಬೀಜಾಣುಗಳನ್ನು ಬಾರ್ಬೆರಿಯ ಎಲೆಗಳ ಮೇಲೆ ಬಿತ್ತಿದಾಗ ಅಲ್ಲಿ ಬೇರೊಂದು ರೂಪದ ಶಿಲೀಂಧ್ರ ಬೆಳೆಯಿತು. ಬಾರ್ಬೆರಿಯ ಮೇಲೆ ಬೆಳೆದ ಬೀಜಾಣುಗಳನ್ನು ಧಾನ್ಯದ ಪೈರಿಗೆ ಸೋಕಿಸಿದಾಗ ತುಕ್ಕು ಕಾಣಿಸಿತು. ಬೇರೆ ಬೇರೆ ಎಂದು ಎಣಿಸಿದ್ದ ಎರಡು ಶಿಲೀಂಧ್ರಗಳು ಒಂದೇ ಜೀವಿಯ ಎರಡು ವೇಷಗಳೆಂಬುದು ಹೀಗೆ ಬಯಲಾಯಿತು. ರೈತರ ಅನುಭವಕ್ಕೆ 1865ರಲ್ಲಿ ವಿಜ್ಞಾನದ ಮುದ್ರೆ ಬಿದ್ದಿತು.

ಇಷ್ಟರಲ್ಲಿಯೇ ನಿಂತಿದ್ದರೆ ಡಿ ಬಾರಿ ಸಸ್ಯರೋಗಗಳ ಶತ್ರುವೆಂದು ಮಾತ್ರ ಹೆಸರು ಪಡೆಯುತ್ತಿದ್ದನು. ಆದರೆ ಶಿಲೀಂಧ್ರವೆಂದರೆ ಕೇವಲ ನಾಶಕ ಎಂಬ ತೀರ್ಮಾನಕ್ಕೆ ಅವನು ಬರಲಿಲ್ಲ. 1866ರಲ್ಲಿ ಪ್ರಕಟವಾದ ಅವನ ಮಹಾಗ್ರಂಥದಲ್ಲಿ ಸಸ್ಯದ ಮೇಲ್ಮೈಯಲ್ಲಿ ವಾಸಿಸುವ ಜೀವಿಗಳನ್ನೂ ಸಸ್ಯದ ಒಡಲಿನೊಳಗೆ ವಾಸಿಸುವ ಜೀವಿಗಳನ್ನೂ ಅವನು ವಿಂಗಡಿಸಿದನು. ಒಳಗೆ ವಾಸಿಸುವವುಗಳನ್ನು ಎಂಡೊಫೈಟ್ ಎಂದು ಕರೆದನು. ಕನ್ನಡದಲ್ಲಿ ಅವನ್ನು ಒಳವಾಸಿಗಳೆನ್ನಬಹುದು. ಬಂಡೆಗಳ ಮೇಲೆ, ಮರದ ತೊಗಟೆಯ ಮೇಲೆ ಬೆಳೆಯುವ ಕಲ್ಲುಹೂವನ್ನು ನಾವೆಲ್ಲರೂ ನೋಡಿದ್ದೇವೆ. ಅದು ಒಂದೇ ಜೀವಿಯಲ್ಲ. ಶಿಲೀಂಧ್ರವೂ ಪಾಚಿಯೂ ಕೂಡಿ ಕಟ್ಟಿಕೊಂಡ ಸಂಸಾರ. ಈ ಊಹೆಯನ್ನು ಮೊದಲು ಮಂಡಿಸಿದವರಲ್ಲಿಯೂ ಡಿ ಬಾರಿ ಒಬ್ಬನು. 1878ರಲ್ಲಿ ಕಾಸೆಲ್ ನಗರದಲ್ಲಿ ನಡೆದ ಜರ್ಮನಿಯ ವಿಜ್ಞಾನಿಗಳ ಮತ್ತು ವೈದ್ಯರ ಸಮ್ಮೇಳನದಲ್ಲಿ ಮಾಡಿದ ಭಾಷಣದಲ್ಲಿ ಅವನು ಸಹಜೀವನದ ತತ್ತ್ವವನ್ನು ವಿವರಿಸಿದನು. ಬೇರೆ ಬೇರೆ ಜಾತಿಯ ಜೀವಿಗಳು ಒಟ್ಟಾಗಿ ಬಾಳುವುದೇ ಸಹಜೀವನ. ಆ ಬಾಳು ಕೆಲವೆಡೆ ಒಂದರಿಂದ ಇನ್ನೊಂದಕ್ಕೆ ಕೇಡಾಗಬಹುದು. ಕೆಲವೆಡೆ ಎರಡಕ್ಕೂ ಹಿತವಾಗಬಹುದು. ಇವೆರಡರ ನಡುವೆ ಅನೇಕ ಮೆಟ್ಟಿಲುಗಳೂ ಇರಬಹುದು. ಹಗೆ ಕೆಳೆಗಳ ನಡುವೆ ನಿಸರ್ಗವು ಗೋಡೆ ಕಟ್ಟಿಲ್ಲ ಎಂಬ ಈ ವಿಚಾರ ಅಂದಿಗೆ ತೀರ ಹೊಸತಾಗಿತ್ತು.

ಡಿ ಬಾರಿ 1867ರಲ್ಲಿ ಹಾಲೆ ವಿಶ್ವವಿದ್ಯಾನಿಲಯಕ್ಕೂ 1872ರಲ್ಲಿ ಸ್ಟ್ರಾಸ್‌ಬುರ್ಗಿಗೂ ಹೋದನು. ಇಂದು ಫ್ರಾನ್ಸಿಗೆ ಸೇರಿರುವ ಸ್ಟ್ರಾಸ್‌ಬುರ್ಗ್ ಆಗ ತಾನೇ ಯುದ್ಧದ ಪರಿಣಾಮವಾಗಿ ಜರ್ಮನಿಯ ಕೈಸೇರಿತ್ತು. ಅಲ್ಲಿ ಹೊಸದಾಗಿ ಕಟ್ಟಿದ ವಿಶ್ವವಿದ್ಯಾನಿಲಯಕ್ಕೆ ಅವನೇ ಮೊದಲ ಕುಲಪತಿಯಾದನು. ಅವನ ಪ್ರಯೋಗಾಲಯಕ್ಕೆ ದೇಶದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ರಷ್ಯಾದ ವೊರೊನಿನ್ ಮತ್ತು ವಿನೊಗ್ರಾಡ್‌ಸ್ಕಿ, ಅಮೆರಿಕದ ಫಾರ್ಲೊ, ಫ್ರಾನ್ಸಿನ ಮಿಲಾರ್ಡೆ ಅವನ ಬಳಿ ಕಲಿತವರು. ಕಣ್ಣಿಗೆ ಕಂಡ ಒಂದು ಹಂತವನ್ನು ನೆಚ್ಚದೆ ಜೀವಿಯ ಇಡೀ ಬಾಳನ್ನು ಹಂತಹಂತವಾಗಿ ಹಿಂಬಾಲಿಸಬೇಕೆಂಬುದು ಅವನು ಕಲಿಸಿದ ಶಿಸ್ತು. ತನ್ನ ವಿಷಯದಲ್ಲಿಯೂ ಅವನು ಈ ಶಿಸ್ತನ್ನು ಸಡಿಲಿಸಲಿಲ್ಲ. ಅಂಗಮಾರಿಯ ಜೀವಿ ಲಿಂಗಸಂಯೋಗದಿಂದ ಪಡೆಯುವ ದಪ್ಪಗೋಡೆಯ ಬೀಜಾಣುವನ್ನು ಅವನು ವರ್ಷಗಟ್ಟಲೆ ಹುಡುಕಿದನು. ಅದು ಸಿಕ್ಕಲಿಲ್ಲ, ಸಿಕ್ಕಿತೆಂದು ಅವನು ಸಾಧಿಸಲೂ ಇಲ್ಲ. ಅದನ್ನು ಹೊಲದಲ್ಲಿ ಕಂಡದ್ದು 1950ರ ದಶಕದಲ್ಲಿ, ದೂರದ ಮೆಕ್ಸಿಕೋ ದೇಶದಲ್ಲಿ.

ದವಡೆಯಲ್ಲಿ ಹುಟ್ಟಿದ ಗಂತಿಯಿಂದ ನರಳಿದ ಡಿ ಬಾರಿ, ಶಸ್ತ್ರಚಿಕಿತ್ಸೆಯಾದರೂ ಗುಣ ಕಾಣದೆ, 1888ರ ಜನವರಿ 19ರಂದು ಸ್ಟ್ರಾಸ್‌ಬುರ್ಗಿನಲ್ಲಿ ಕಣ್ಮುಚ್ಚಿದನು. ಐವತ್ತೇಳು ವರ್ಷ ತುಂಬಲು ಇನ್ನೊಂದು ವಾರವಿತ್ತು.

ಅವನು ಹಚ್ಚಿದ ದೀಪದ ಬೆಳಕು ನಮ್ಮ ನಾಡಿಗೂ ಬಂದಿತು. ಅವನ ಶಿಷ್ಯ ಮಿಲಾರ್ಡೆ ಮೈಲುತುತ್ತ ಮತ್ತು ಸುಣ್ಣಗಳನ್ನು ಬೆರೆಸಿ ದ್ರಾಕ್ಷಿಯ ಬೂಷ್ಟುರೋಗಕ್ಕೆ ಸಿಂಪಡಿಸುವ ಕ್ರಮವನ್ನು 1885ರಲ್ಲಿ ಪ್ರಕಟಿಸಿದನು. ಬೋರ್ಡೊ ದ್ರಾವಣವೆಂದು ಅದು ಪ್ರಸಿದ್ಧವಾಯಿತು. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಮಳೆಗಾಲದ ಕೊಳೆರೋಗವೆಂದರೆ ಎದೆನಡುಕ. ಕೊನೆಗಳಿಗೆ ಕೊಟ್ಟೆ ಕಟ್ಟಿ ಅವರು ಫಸಲನ್ನು ಉಳಿಸಿಕೊಳ್ಳುತ್ತಿದ್ದರು. ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಬಂದ ಲೆಸ್ಲಿ ಕೋಲ್‌ಮನ್ ಈ ರೋಗವನ್ನು ಅಭ್ಯಸಿಸಿ, ಅದಕ್ಕೆ ಫೈಟಾಫ್ತೋರ ಕುಲದ ಜೀವಿಯೇ ಕಾರಣವೆಂದು ತಿಳಿಸಿದನು. ಬೋರ್ಡೊ ದ್ರಾವಣವನ್ನು ಬಳಕೆಗೆ ತಂದನು. ಇಂದಿಗೂ ಮುಂಗಾರಿನಲ್ಲಿ ಅಡಿಕೆಯ ತೋಟಗಳಲ್ಲಿ ಈ ನೀಲಿಯ ದ್ರಾವಣವನ್ನು ಹೊಡೆಯುತ್ತಾರೆ.

ಆದರೆ ಡಿ ಬಾರಿ ಹೆಸರಿಟ್ಟ ಒಳವಾಸಿಗಳ ಕಥೆ ಆಗಿನ್ನೂ ಮೊಳಕೆಯ ಸ್ಥಿತಿಯಲ್ಲಿತ್ತು. ರೋಗದ ಯಾವ ಕುರುಹನ್ನೂ ತೋರಿಸದೆ ಮರದೊಳಗೆ ಅಡಗಿ ಬಾಳುವ ಶಿಲೀಂಧ್ರಗಳಿಂದ ಮನುಷ್ಯನಿಗೇನು ಪ್ರಯೋಜನ? ಈ ಪ್ರಶ್ನೆಗೆ ಮಹತ್ತ್ವ ಬಂದುದು ಒಂದು ಔಷಧದಿಂದ. ಅಮೆರಿಕದ ಪಶ್ಚಿಮ ಕರಾವಳಿಯ ಕಾಡುಗಳಲ್ಲಿ ಯೂ ಎಂಬ ಮರವಿದೆ. ಅದರ ತೊಗಟೆಯಿಂದ ಟ್ಯಾಕ್ಸಾಲ್ ಎಂಬ ವಸ್ತುವನ್ನು ಬೇರ್ಪಡಿಸಿ ಅದರ ರಚನೆಯನ್ನು ವಾಲ್ ಮತ್ತು ನಮ್ಮ ದೇಶದಲ್ಲಿ ಹುಟ್ಟಿದ ಮನ್ಸುಖ್ ವಾನಿ 1971ರಲ್ಲಿ ಪ್ರಕಟಿಸಿದರು. 1992ರಲ್ಲಿ ಅದು ಅಂಡಾಶಯದ ಕ್ಯಾನ್ಸರಿಗೆ ಔಷಧವೆಂದು ಅಮೆರಿಕದಲ್ಲಿ ಅಂಗೀಕೃತವಾಯಿತು. ಆದರೆ ತೊಗಟೆ ಸುಲಿದರೆ ಮರ ಸಾಯುತ್ತದೆ. ಯೂ ಬಹು ನಿಧಾನವಾಗಿ ಬೆಳೆಯುವ ಮರ. ರೋಗಿಯನ್ನು ಉಳಿಸಲು ಮರವನ್ನು ಕೊಲ್ಲಬೇಕೆ? ಇದೊಂದು ಧರ್ಮಸಂಕಟವಾಯಿತು. ಹಿಮಾಲಯದ ಯೂ ಮರಗಳಂತೂ ಎಲೆ ತೊಗಟೆಗಳ ಕೊಯ್ಲಿನಿಂದ ಅಳಿವಿನ ಅಂಚಿಗೆ ಬಂದಿವೆ.

1993ರಲ್ಲಿ ಅಮೆರಿಕದ ಮಾಂಟಾನ ಪ್ರಾಂತದ ಆಂಡ್ರಿಯ ಸ್ಟೀರ್ಲೆ, ಗ್ಯಾರಿ ಸ್ಟ್ರೋಬೆಲ್ ಮತ್ತು ಡೊನಾಲ್ಡ್ ಸ್ಟೀರ್ಲೆ ಯೂ ಮರದ ತೊಗಟೆಯೊಳಗೆ ವಾಸಿಸುವ ಶಿಲೀಂಧ್ರವೊಂದನ್ನು ಬೇರ್ಪಡಿಸಿ ಬೆಳೆಸಿದರು. ಮರದಿಂದ ಹೊರಗೂ ಅದು ಅತ್ಯಲ್ಪ ಪ್ರಮಾಣದಲ್ಲಿ ಟ್ಯಾಕ್ಸಾಲನ್ನು ತಯಾರಿಸುತ್ತದೆ ಎಂದು ಅವರು ವರದಿ ಮಾಡಿದರು. ಮುಂದೆ ವಿಜ್ಞಾನಿಗಳು ಅಳಿಯುತ್ತಿರುವ ಇತರ ಮರಗಳ ಒಳಗನ್ನೂ ಶೋಧಿಸತೊಡಗಿದರು. ಫ್ಲಾರಿಡ ಪ್ರಾಂತದ ಅಪಲಾಚಿಕೋಲ ನದಿಯ ದಂಡೆಯಲ್ಲಿ ಟೊರೇಯ ಎಂಬ ಮರವಿದೆ. ಇಪ್ಪತ್ತನೆಯ ಶತಮಾನದ ನಡುಭಾಗದೊಳಗೆ ಅದರ ದೊಡ್ಡ ಮರಗಳೆಲ್ಲ ಬಹುಮಟ್ಟಿಗೆ ರೋಗದಿಂದ ಸತ್ತವು. ಉಳಿದ ಬುಡಗಳಿಂದ ಚಿಗುರುವ ಸಣ್ಣ ಗಿಡಗಳಷ್ಟೇ ಹೆಚ್ಚಾಗಿ ಕಾಣುತ್ತವೆ. ಈ ಮರದೊಳಗಿನ ಪೆಸ್ಟಲೋಷಿಯಾಪ್ಸಿಸ್ ಎಂಬ ಶಿಲೀಂಧ್ರದಿಂದ 1996ರಲ್ಲಿ ಟೊರೇಯಾನಿಕ್ ಆಮ್ಲವೆಂಬ, ಅದುವರೆಗೆ ಯಾರೂ ಅರಿಯದಿದ್ದ ಸಂಯುಕ್ತವು ದೊರೆಯಿತು. ಪ್ರಯೋಗಾಲಯದಲ್ಲಿ ಅದು ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲುವ ಗುಣವನ್ನು ತೋರಿತು. ವಿಚಿತ್ರವೆಂದರೆ ಇದೇ ಶಿಲೀಂಧ್ರವು ಮರ ದುರ್ಬಲವಾದಾಗ ಅದಕ್ಕೆ ಕೇಡು ಮಾಡುತ್ತದೆಯೆಂಬ ಸಂಶಯವೂ ಇತ್ತು. ಮರಗಳ ಕಾಂಡದ ಹುಣ್ಣಿಗೆ ಬೇರೊಂದು ಶಿಲೀಂಧ್ರವೇ ಕಾರಣವೆಂದು ಮುಂದೆ ತಿಳಿದುಬಂದಿತು. ಹಗೆ ಯಾವುದು, ಕೆಳೆ ಯಾವುದು ಎಂದು ದುಡುಕಿ ಹೇಳಬಾರದೆಂಬ ಡಿ ಬಾರಿಯ ದೃಷ್ಟಿಗೆ ಇದೊಂದು ನಿದರ್ಶನ.

ಈ ಬಗೆಯ ಶೋಧ ನಮ್ಮ ಪಶ್ಚಿಮಘಟ್ಟಗಳಲ್ಲಿಯೂ ನಡೆದಿದೆ. ಅಲ್ಲಿ ಬೆಳೆಯುವ ನೊಥಾಪೊಡೈಟಿಸ್ ಎಂಬ ಸಣ್ಣ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವಿದೆ. ಅದರಿಂದ ಕ್ಯಾನ್ಸರಿನ ಔಷಧಗಳನ್ನು ತಯಾರಿಸುತ್ತಾರೆ. ಮಿತಿಮೀರಿದ ಕಟಾವಿನಿಂದ ಈ ಮರದ ಸಂತತಿ ಕ್ಷೀಣಿಸಿದೆ. 2005ರಲ್ಲಿ ಭಾರತದ ವಿಜ್ಞಾನಿಗಳು ಇದರ ಒಳವಾಸಿ ಶಿಲೀಂಧ್ರವೊಂದು ಅದೇ ವಸ್ತುವನ್ನು ತಯಾರಿಸುತ್ತದೆಂದು ವರದಿ ಮಾಡಿದರು. ಆದರೆ ಗೆಲುವು ಇನ್ನೂ ಪೂರ್ಣವಾಗಿಲ್ಲ. ಪ್ರಯೋಗಾಲಯದಲ್ಲಿ ಮರುಮರಳಿ ಬೆಳೆಸಿದಂತೆ ಈ ಶಿಲೀಂಧ್ರಗಳ ಶಕ್ತಿ ಕುಂದುವುದನ್ನು ಬೆಂಗಳೂರಿನ ಸಂಶೋಧಕರು 2010ರಲ್ಲಿ ತೋರಿಸಿದರು. ಒಳವಾಸಿಗಳು ಟ್ಯಾಕ್ಸಾಲನ್ನು ತಾವೇ ತಯಾರಿಸುತ್ತವೆಯೇ ಎಂದು ಸಂದೇಹಪಡುವ ವಿಜ್ಞಾನಿಗಳೂ ಇದ್ದಾರೆ. ಇಂದು ಟ್ಯಾಕ್ಸಾಲನ್ನು ಹೆಚ್ಚಾಗಿ ಯೂ ಎಲೆಗಳ ಸಾರದಿಂದ ಮತ್ತು ಪ್ರಯೋಗಾಲಯದಲ್ಲಿ ಬೆಳೆಸಿದ ಯೂ ಜೀವಕೋಶಗಳಿಂದ ಪಡೆಯುತ್ತಾರೆ.

ಇಂತಹ ಸಂದೇಹಗಳನ್ನು ಪರಿಹರಿಸುವ ಮಾರ್ಗ ಡಿ ಬಾರಿ ತೋರಿದ ಮಾರ್ಗವೇ. ಜೀವಿಯನ್ನು ಬೇರ್ಪಡಿಸಬೇಕು, ಬೆಳೆಸಬೇಕು, ಅದಿಲ್ಲದ ಸ್ಥಿತಿಯೊಡನೆ ಹೋಲಿಸಬೇಕು, ಕಂಡದ್ದನ್ನು ಮಾತ್ರ ಹೇಳಬೇಕು. ಇನ್ನೊಂದು ಸಂಗತಿಯನ್ನೂ ನಾವು ಮರೆಯಬಾರದು. ಒಂದು ಮರದ ಜಾತಿ ಅಳಿದರೆ ಅಳಿಯುವುದು ಮರ ಮಾತ್ರವಲ್ಲ. ಅದರ ಒಡಲನ್ನೇ ಮನೆಮಾಡಿಕೊಂಡ, ನಾವಿನ್ನೂ ಹೆಸರಿಡದ ಜೀವಿಗಳೂ ಅವುಗಳಲ್ಲಿ ಅಡಗಿರಬಹುದಾದ ಔಷಧಗಳೂ ಅದರೊಡನೆ ಮಣ್ಣುಪಾಲಾಗಬಹುದು. ಸಸ್ಯವು ಏಕಾಂಗಿಯಲ್ಲ, ಅದರೊಳಗೆ ಒಂದು ಸಂಸಾರವೇ ನೆಲೆಸಿದೆ ಎಂಬುದನ್ನು ಲೋಕಕ್ಕೆ ತಿಳಿಸಿದ ಆಂಟನ್ ಡಿ ಬಾರಿ ಆ ಕಾರಣದಿಂದ ಎಂದೆಂದಿಗೂ ಸ್ಮರಣೀಯನು.